ಮೂರ್ಮೂರ್ಲ ಎಷ್ಟು?

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ. ನಮ್ಮದು ತಿಪಟೂರಿನ ಹತ್ತಿರದ ಹಳ್ಳಿ. ಯಜಮಾನರು ಕೊಬ್ಬರಿ ವ್ಯಾಪಾರ ಮಾಡುತ್ತಾರೆ. ಒಬ್ಬನೇ ಮಗ, ಹದಿಮೂರು ವರ್ಷ, ಅನುದಾನಿತ ಹೈಸ್ಕೂಲಿನಲ್ಲಿ ಎಂಟನೇ ತರಗತಿ. ಮೆತ್ತಗೆ ಮಾತಾಡುತ್ತಾನೆ, ಅಕ್ಕಪಕ್ಕದ ಹುಡುಗಿಯರ ಜೊತೆ ಕುಂಟೆಬಿಲ್ಲೆ ಆಡಿಕೊಂಡು ಬೆಳೆದವನು. ಅಷ್ಟಕ್ಕೇ ಹುಡುಗರು 'ಒಂಬತ್ತು' ಅಂತ ಹೆಸರಿಟ್ಟಿದ್ದಾರೆ. ಡೆಸ್ಕಿನ ಮೇಲೆ ಕೈವಾರದ ಮೊನೆಯಲ್ಲಿ 9 ಅಂತ ಕೆತ್ತಿದ್ದಾರೆ. ಊಟದ ಡಬ್ಬಿಯನ್ನು ಹುಡುಗಿಯರ ಶೌಚಾಲಯದ ಬಾಗಿಲಲ್ಲಿಟ್ಟು 'ನಿಂದು ಅದೇ ಅಲ್ವಾ, ಹೋಗಿ ತಗೋ' ಅಂದರಂತೆ. ಲೆಕ್ಕದ ಮೇಷ್ಟ್ರು ವಾರಕ್ಕೊಂದು ಸಲವಾದರೂ ಇವನನ್ನೇ ಎಬ್ಬಿಸಿ 'ಮೂರ್ಮೂರ್ಲ ಎಷ್ಟಪ್ಪಾ?' ಅನ್ನುತ್ತಾರೆ. ಹೇಳಿದರೆ ಕ್ಲಾಸೆಲ್ಲ ನಗು. ಹೇಳದಿದ್ದರೆ ಮಗ್ಗಿ ಬರಲ್ಲ ಅಂತ ಬೈಗುಳ.

ಮೊನ್ನೆ ಕರೆಂಟು ಹೋದಾಗ ಕತ್ತಲಲ್ಲಿ ಪಕ್ಕ ಬಂದು ಕೂತು, 'ಅಮ್ಮಾ, ನನಗೆ ಹುಡುಗಿಯರನ್ನ ಕಂಡ್ರೆ ಏನೂ ಅನ್ಸಲ್ಲ, ಹುಡುಗರನ್ನ ಕಂಡ್ರೇ ಅನ್ಸುತ್ತೆ' ಅಂದ. ಅವರಪ್ಪನಿಗೆ ನಾನಿನ್ನೂ ಹೇಳಿಲ್ಲ. ಹೆಡ್ಮಾಸ್ಟರ ಹತ್ತಿರ ರೇಗಿಸುವ ವಿಚಾರ ಎತ್ತಿದರೆ, 'ಸ್ವಲ್ಪ ಗಂಡುಹುಡುಗನ ಥರ ನಡೆಯೋದು ಕಲಿಸಿ ತಾಯಿ' ಅಂದುಬಿಟ್ಟರು. ಇವನ ನಡಿಗೆ ನೋಡಿ ನಮ್ಮ ನಾದಿನಿ, ಇದಕ್ಕೆಲ್ಲ ಇಂಜೆಕ್ಷನ್ ಇದೆ ಅನ್ನುತ್ತಾಳೆ. ಟಿ.ಸಿ. ತಗೊಂಡು ಬೇರೆ ಕಡೆ ಹಾಕಲಾ? ಇಂಥಾ ಮಕ್ಕಳಿಗೆ ಅಂತ ಕಾನೂನು ಏನಾದರೂ ಇದೆಯಾ?
— ಹೆಸರು ಬೇಡ, ತಿಪಟೂರು ತಾಲ್ಲೂಕು

ಉತ್ತರ: ತಂಗಿ, ನಲವತ್ತು ವರ್ಷ ತುಮಕೂರಿನ ಕೋರ್ಟಿನಲ್ಲಿ ಕರೀಕೋಟು ಹಾಕಿಕೊಂಡು ಓಡಾಡಿದವಳು ನಾನು. ನಿಮ್ಮ ಪತ್ರವನ್ನು ಮೂರು ಸಲ ಓದಿದೆ, ಅದರಲ್ಲಿ ಎರಡು ಸಲ ಆ ಮೇಷ್ಟ್ರ ಮೇಲಿನ ಸಿಟ್ಟಿಗೆ.

ಮನೆಯ ವಿಚಾರ ಮೊದಲು. ಅವನು ಕತ್ತಲಲ್ಲಿ ಹೇಳಿದ್ದು ನಿಮಗೆ. ಅಪ್ಪನಿಗೆ ಯಾವಾಗ, ಯಾರು ಹೇಳಬೇಕು ಅನ್ನುವುದನ್ನು ಅವನನ್ನೇ ಕೇಳಿ. ಇಂಜೆಕ್ಷನ್ನಿನ ಮಾತು ಬಿಡಿ. ಇದು ಕಾಯಿಲೆಯಲ್ಲ ಅಂತ ಭಾರತೀಯ ಮನೋವೈದ್ಯರ ಸಂಘ 2018ರಲ್ಲೇ ಹೇಳಿದೆ. 'ಬದಲಾಯಿಸುತ್ತೇನೆ' ಅಂತ ಚಿಕಿತ್ಸೆ ಕೊಡುವುದು ವೈದ್ಯವೃತ್ತಿಯ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸಾರಿದೆ. ನಾದಿನಿಗೆ ಅಷ್ಟು ಹೇಳಿ ಸಾಕು. ಆದರೆ ಹುಡುಗ ಊಟ-ನಿದ್ದೆ ಬಿಟ್ಟರೆ, ಬದುಕೇ ಬೇಡ ಅನ್ನುವ ಮಾತು ಬಂದರೆ, ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನು ಮಾಡಿ. ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಇನ್ನು ಕಾನೂನು. ಇದೆಯಾ ಅಂದಿರಿ. ಹರಕು ಕಂಬಳಿಯಷ್ಟಿದೆ: ಕಾಲು ಮುಚ್ಚಿದರೆ ತಲೆ ಬಯಲು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನಿಂದ ಸಲಿಂಗಿ ವಯಸ್ಕರನ್ನು ಬಿಡಿಸಿದರು. ಇವರಿಗೂ ಇವರ ಕುಟುಂಬದವರಿಗೂ ಚರಿತ್ರೆ ಕ್ಷಮೆ ಕೇಳಬೇಕು ಅಂತ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದರು. 'ಕುಟುಂಬದವರಿಗೂ' ಅನ್ನುವ ಮಾತು ನಿಮಗೂ ಸೇರಿತು, ತಂಗಿ. ಆದರೆ ಆ ತೀರ್ಪು ಎಂಟನೇ ತರಗತಿಯ ಡೆಸ್ಕಿನವರೆಗೆ ಬರಲಿಲ್ಲ. ಕಾಲೇಜಿಗೆ ಬಂದಿದೆ: ಯುಜಿಸಿಯ ರ‍್ಯಾಗಿಂಗ್ ವಿರೋಧಿ ನಿಯಮಕ್ಕೆ 2016ರಲ್ಲಿ ತಿದ್ದುಪಡಿಯಾಗಿ, ಲೈಂಗಿಕ ಒಲವಿನ ಕಾರಣಕ್ಕೆ ಪೀಡಿಸುವುದೂ, ದೂರ ಇಡುವುದೂ ರ‍್ಯಾಗಿಂಗೇ ಅಂತ ಹೆಸರು ಹಿಡಿದು ಬರೆದಿದ್ದಾರೆ. ಅಂದರೆ ಇಪ್ಪತ್ತು ವರ್ಷದವನಿಗೆ ರಕ್ಷಣೆ ಇದೆ, ಹದಿಮೂರರವನಿಗೆ ಆ ಸಾಲು ಇಲ್ಲ. ತಲೆಕೆಳಗಾದ ಏರ್ಪಾಡು. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕಿನ 2019ರ ಕೇಂದ್ರ ಕಾಯ್ದೆ ಶಾಲೆಯಲ್ಲಿ ತಾರತಮ್ಯ ಕೂಡದು ಅನ್ನುತ್ತದೆ ನಿಜ. ಅದು ಟ್ರಾನ್ಸ್‌ಜೆಂಡರ್ ಮಕ್ಕಳಿಗೆ. ನಿಮ್ಮ ಮಗ ಹೇಳಿದ್ದು ತಾನು ಹುಡುಗಿ ಅಂತಲ್ಲ, ಹುಡುಗರು ಇಷ್ಟ ಅಂತ. ರೇಗಿಸುವವರ ಬಾಯಲ್ಲಿ ಎರಡಕ್ಕೂ ಒಂದೇ ಅಂಕಿ. ಕಾಯ್ದೆಯಲ್ಲಿ ಎರಡೂ ಬೇರೆ ಬೇರೆ.

ಹಾಗಂತ ಕೈಚೆಲ್ಲಬೇಕಿಲ್ಲ. ನಮ್ಮಲ್ಲೇ ಹಳೆಯದೊಂದಿದೆ, ಕರ್ನಾಟಕ ಶಿಕ್ಷಣ ಕಾಯ್ದೆ, 1983. ಜಾರಿಗೆ ಬರಲು 1995 ಆಯಿತು, ಇರಲಿ. ಅದರಲ್ಲಿ ರ‍್ಯಾಗಿಂಗ್ ಅಪರಾಧ, ಒಂದು ವರ್ಷದವರೆಗೆ ಶಿಕ್ಷೆ. ತಮಾಷೆಗೇ ಆಗಲಿ, ವಿದ್ಯಾರ್ಥಿಯ ಮರ್ಯಾದೆ ಕಳೆಯುವಂಥ, ನಗೆಪಾಟಲು ಮಾಡುವಂಥ ಕೆಲಸ ಬಲವಂತವಾಗಿ ಮಾಡಿಸಿದರೆ ಅದು ರ‍್ಯಾಗಿಂಗ್. ಡಬ್ಬಿ ತರಲು ಹುಡುಗಿಯರ ಶೌಚಾಲಯಕ್ಕೆ ನೂಕಿದ್ದು ಇನ್ನೇನು? ಗಮನಿಸಿ, ಆ ಕಾಯ್ದೆ ಏನು ಮಾಡಿದರು ಅಂತ ಕೇಳುತ್ತದೆ. ಪೆಟ್ಟು ತಿಂದವನು ಎಂಥವನು ಅಂತ ಕೇಳುವುದಿಲ್ಲ.

ಆದ್ದರಿಂದ ದೂರಿನಲ್ಲಿ ಮಗ ನಿಮಗೆ ಹೇಳಿದ್ದರ ಒಂದಕ್ಷರವೂ ಬೇಡ. 'ಇಂಥ ದಿನ, ಊಟದ ಬಿಡುವಿನಲ್ಲಿ, ಇಂಥಿಂಥವರು ಡಬ್ಬಿ ಕಿತ್ತುಕೊಂಡು ಹೀಗೆ ಅಂದರು' ಅಂತ ಬರೆಯಿರಿ. ಡೆಸ್ಕಿನ ಫೋಟೊ ತೆಗೆದಿಡಿ, ಅಳಿಸುವ ಮೊದಲು. ಎರಡು ಪ್ರತಿ ಮಾಡಿ, ಒಂದರ ಮೇಲೆ ಶಾಲೆಯ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳದೆ ಆ ಕೋಣೆ ಬಿಟ್ಟು ಬರಬೇಡಿ. ಹೆಡ್ಮಾಸ್ಟರು ಸೀಲು ಹಾಕದಿದ್ದರೆ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ. ವಾರ ಕಾದು ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒ, ಆಮೇಲೆ ಜಿಲ್ಲೆಯ ಉಪನಿರ್ದೇಶಕರು ಡಿಡಿಪಿಐ. ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವಿದೆ. ನನ್ನ ಅನುಭವದಲ್ಲಿ ಮುಕ್ಕಾಲು ಪಾಲು ದೂರು ಬಿಇಒ ಕಚೇರಿಯ ಸೀಲು ಬಿದ್ದ ದಿನವೇ ಕೆಲಸ ಮಾಡತೊಡಗುತ್ತವೆ.

ಮೇಷ್ಟ್ರದ್ದು ಬೇರೆ ದೂರು, ಬೇರೆ ಕಾಗದ. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಕಲಮು ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ; ಮಾಡಿದವರ ಮೇಲೆ ಸೇವಾ ನಿಯಮದಂತೆ ಶಿಸ್ತುಕ್ರಮ. ಎಂಟನೇ ತರಗತಿಯವನಿಗೆ ಮೂರರ ಮಗ್ಗಿ ಯಾಕೆ ಕೇಳುತ್ತೀರಿ ಅಂದರೆ ಅವರ ಹತ್ತಿರ ಉತ್ತರವಿರುವುದಿಲ್ಲ. ತಡಮಾಡಬೇಡಿ, ಆ ಕಾಯ್ದೆಯ ನೆರಳು ಹದಿನಾಲ್ಕು ವರ್ಷದವರೆಗೆ ಮಾತ್ರ. ಮತ್ತೊಂದು ಎಚ್ಚರಿಕೆ: ಬಟ್ಟೆ ಬಿಚ್ಚಿಸುವುದು, ಕೈ ಹಾಕುವುದು ಏನಾದರೂ ನಡೆದಿದ್ದರೆ ಅದು ಶಾಲೆಯೊಳಗೆ ರಾಜಿ ಮಾಡಿ ಮುಗಿಸುವ ವಿಚಾರವಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ ಗಂಡುಮಕ್ಕಳಿಗೂ ಅನ್ವಯಿಸುತ್ತದೆ, ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಿದರೂ ದಾರಿ ತೋರಿಸುತ್ತಾರೆ.

ಟಿ.ಸಿ. ವಿಚಾರ ಮಗನನ್ನು ಕೇಳಿ. ನಾನು ಓದಿದ ಹೈಸ್ಕೂಲಿನಲ್ಲೂ ಇಂಥವನೊಬ್ಬನಿದ್ದ, ಕನ್ನಡ ಪದ್ಯ ರಾಗವಾಗಿ ಓದುತ್ತಿದ್ದ. ಹತ್ತನೇ ತರಗತಿಯ ದಸರಾ ರಜೆ ಮುಗಿದ ಮೇಲೆ ಬರಲಿಲ್ಲ. ಅವನ ಹೆಸರು ಕೂಗಿದಾಗ ನಗುತ್ತಿದ್ದವರಲ್ಲಿ ನಾನೂ ಇದ್ದೆ. ಬಿಟ್ಟುಹೋಗಬೇಕಾದವನು ಅವನು ಅಂತ ಯಾರೂ ತೀರ್ಮಾನ ಮಾಡಿರಲಿಲ್ಲ, ತಡೆಯುವವರಿಲ್ಲದೆ ಹಾಗಾಯಿತು.

ಪ್ರಶ್ನೆ: ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ನಮ್ಮ ಮಗಳು ಏಳನೇ ಗ್ರೇಡ್. ಫೋನಿನ ಗ್ರೂಪಿನಲ್ಲಿ ಸಹಪಾಠಿಯೊಬ್ಬಳನ್ನು 'ಲೆಸ್ಬಿಯನ್, ಹತ್ತಿರ ಕೂರಬೇಡಿ' ಅಂತ ಬರೆದಳಂತೆ. ಶಾಲೆಯಿಂದ 'ಎಚ್.ಐ.ಬಿ. ತನಿಖೆ' ಅಂತ ಪತ್ರ ಬಂದಿದೆ. ಮನೆಯಿಂದ ಬರೆದದ್ದು, ತಮಾಷೆಗೆ. ಆ ಹುಡುಗಿ ಅಂಥವಳೇ ಅಲ್ಲವಂತೆ, ಮತ್ತೆ ತಪ್ಪೇನು? ಚಿಕ್ಕ ಮಕ್ಕಳ ಮೇಲೆ ಇಷ್ಟು ಕಾನೂನು ಬೇಕಾ?
— ನಿಮ್ಮ ಹಳೆಯ ಓದುಗ

ಉತ್ತರ: ಬೇಕು ಅಂತ ಮೇಲಿನ ಪತ್ರ ಹೇಳುತ್ತಿದೆ, ಇನ್ನೊಮ್ಮೆ ಓದಿ. ನಿಮ್ಮ ರಾಜ್ಯದ ಕಾನೂನಿಗೆ ನಿಮಗೆ ಅಲ್ಲಿನ ವಕೀಲರೇ ಬೇಕು. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಎಚ್.ಐ.ಬಿ. ಅಂದರೆ ಕಿರುಕುಳ, ಬೆದರಿಕೆ, ಪೀಡನೆ. 2010ರ ಸೆಪ್ಟೆಂಬರಿನಲ್ಲಿ ನಿಮ್ಮ ಪಕ್ಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಗೇ ಹುಡುಗನೊಬ್ಬನನ್ನು ರೂಮಿನ ಜೊತೆಗಾರ ಕಂಪ್ಯೂಟರಿನ ಕ್ಯಾಮೆರಾದಿಂದ ಕದ್ದು ನೋಡಿ, ಅದರ ಬಗ್ಗೆ ಟ್ವಿಟರಿನಲ್ಲಿ ಬರೆದ. ಕೆಲವೇ ದಿನದಲ್ಲಿ ಆ ಹುಡುಗ ಪ್ರಾಣ ಕಳೆದುಕೊಂಡ. ಕದ್ದು ನೋಡಿದವನು ಭಾರತೀಯ ಮೂಲದವನೇ; ತಮಾಷೆ ಅನ್ನುವ ಮಾತು ಆಗಲೂ ಬಂದಿತ್ತು. 2011ರ ಜನವರಿಯಲ್ಲಿ ಪೀಡನೆ ವಿರೋಧಿ ಮಸೂದೆಗೆ ಗವರ್ನರ್ ಕ್ರಿಸ್ ಕ್ರಿಸ್ಟಿ ಸಹಿ ಹಾಕಿದರು, ಸೆಪ್ಟೆಂಬರಿನಿಂದ ಜಾರಿ. ದೂರು ಬಂದ ಒಂದು ಶಾಲಾ ದಿನದೊಳಗೆ ತನಿಖೆ ಶುರುವಾಗಬೇಕು, ಹತ್ತು ಶಾಲಾ ದಿನದೊಳಗೆ ಮುಗಿಯಬೇಕು. ಪ್ರತಿ ಶಾಲೆಯಲ್ಲೂ ಅದಕ್ಕೊಬ್ಬರು ಗೊತ್ತುಮಾಡಿದವರು ಇರಬೇಕು. ಮನೆಯಿಂದ ಬರೆದರೂ, ಶಾಲೆಯಲ್ಲಿ ಅದರ ಬಿಸಿ ತಟ್ಟಿದರೆ ತನಿಖೆ ಇದೆ.

'ಅಂಥವಳೇ ಅಲ್ಲವಂತೆ' ಅಂದಿರಿ. ಆ ಕಾನೂನಿನಲ್ಲಿ ನನಗೆ ಬಹಳ ಹಿಡಿಸಿದ ಮಾತು ಅದೇ ಜಾಗದಲ್ಲಿದೆ. ಗುಣ ನಿಜವಾಗಿ ಇರಲಿ, ಇದೆ ಅಂತ ಎದುರಿನವರು ಅಂದುಕೊಂಡಿರಲಿ, ಎರಡೂ ಒಂದೇ. ದೂರು ಕೊಟ್ಟ ಮಗು ತಾನು ಯಾರು ಅಂತ ಬಾಯಿಬಿಟ್ಟು ಹೇಳಬೇಕಿಲ್ಲ. ತಿಪಟೂರಿನ ತಾಯಿಗೆ ನಾನು ಕಾಗದ ಬರೆಯುವ ಉಪಾಯದಿಂದ ಹೇಳಿಕೊಟ್ಟದ್ದನ್ನು ನಿಮ್ಮಲ್ಲಿ ಕಾಯ್ದೆಯ ಸಾಲಿನಲ್ಲೇ ಬರೆದಿದ್ದಾರೆ. ನಮ್ಮ ಶಾಲೆಗಳಿಗೂ ಅಂಥದೊಂದು ಸಾಲು ಬರೆದುಕೊಡಿ ಅಂತ ನಾನು ವಿಧಾನಸೌಧದವರನ್ನು ಕೇಳುತ್ತೇನೆ.

ತನಿಖೆಯ ವರದಿ ಆದ ಮೇಲೆ ಒಪ್ಪಿಗೆಯಾಗದಿದ್ದರೆ ಶಾಲಾ ಮಂಡಳಿಯ ಮುಂದೆ ನಿಮ್ಮ ಮಾತು ಕೇಳಿ ಅಂತ ಅರ್ಜಿ ಕೊಡುವ ಹಕ್ಕು ನಿಮಗಿದೆ. ಅಲ್ಲಿಯವರೆಗೆ ಮಗಳ ಫೋನಿನಿಂದ ಯಾವ ಮೆಸೇಜನ್ನೂ ಅಳಿಸಬೇಡಿ, 'ನಾನಲ್ಲ, ಗೆಳತಿ ಬರೆದಳು' ಅಂತ ಹೇಳಿಕೊಡಬೇಡಿ. ಸ್ಕ್ರೀನ್‌ಶಾಟು ಈಗಾಗಲೇ ಇನ್ಯಾರದೋ ಫೋನಿನಲ್ಲಿದೆ.