ಬಿಡುಗಡೆಯಾದಾಗ ಜಗಳ ಎಬ್ಬಿಸಿದ ಬಾಹ್ಯಾಕಾಶದ ಶೂಟಿಂಗ್ ಗೇಮ್ ಒಂದಕ್ಕೆ ತಿಂಗಳುಗಳ ನಂತರ ಮರಳಿದ್ದೀರಾ? ಅಭಿಪ್ರಾಯ ಬದಲಾಯಿತೇ?

ಮರಳಿದ್ದೇನೆ. ಆ ಆಟ ಡೆಸ್ಟಿನಿ. ಮೊದಲ ಸಲ ಆಡಿದಾಗ ನನಗಿದ್ದ ದೂರುಗಳಲ್ಲಿ ಒಂದನ್ನೂ ನಾನು ಹಿಂತೆಗೆದುಕೊಂಡಿಲ್ಲ. ಹಾಗಿದ್ದೂ ಆ ವರ್ಷ ಆಡಿದ ಆಟಗಳಲ್ಲಿ ಮನಸ್ಸಿಗೆ ಅತ್ಯಂತ ಹತ್ತಿರವಾದದ್ದು ಅದೇ.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ಹೇಲೋ ಸರಣಿಯನ್ನು ಹುಟ್ಟುಹಾಕಿದ ಬಂಜೀ ಸಂಸ್ಥೆ ತಯಾರಿಸಿ, ಆಕ್ಟಿವಿಷನ್ ಹೊರತಂದ ಆಟ ಇದು. ಬಿಡುಗಡೆಯಾದದ್ದು 2014ರ ಸೆಪ್ಟೆಂಬರ್ 9ರಂದು. ಭೂಮಿ, ಚಂದ್ರ, ಶುಕ್ರ, ಮಂಗಳ, ಈ ನಾಲ್ಕು ನೆಲೆಗಳಲ್ಲಿ ಅಳಿದುಳಿದ ಮನುಕುಲದ ಕಾವಲುಗಾರರಾಗಿ ನೀವು ಅನ್ಯಜೀವಿಗಳೊಡನೆ ಹೋರಾಡಬೇಕು. ಮೊದಲ ದಿನವೇ 50 ಕೋಟಿ ಡಾಲರಿಗೂ ಮಿಕ್ಕಿದ ಸರಕು ಮಾರಾಟಗಾರರ ಕೈಸೇರಿದೆ ಎಂದು ಆಕ್ಟಿವಿಷನ್ ಹೇಳಿಕೊಂಡಿತ್ತು. ಆದರೆ ಆಡಿದವರಲ್ಲಿ ಒಮ್ಮತವಿರಲಿಲ್ಲ. ಮೈಸೂರಿನ ನಮ್ಮ ಗೆಳೆಯರ ಗುಂಪಿನಲ್ಲೇ ಕುವೆಂಪುನಗರದ ಟೀ ಅಂಗಡಿಯ ಮುಂದೆ ಈ ಆಟದ ಬಗ್ಗೆ ದನಿ ಏರಿಸಿ ವಾದ ಮಾಡಿದ್ದುಂಟು.

ಗುಂಡು ಹಾರಿಸುವ ಕೆಲಸ ಮೊದಲ ದಿನದಿಂದಲೂ ಅಚ್ಚುಕಟ್ಟಾಗಿತ್ತು. ಇದನ್ನು ಬೈಯುವವರೂ ಒಪ್ಪುತ್ತಿದ್ದರು. ಫಾಲನ್ ಎಂಬ ಜೀವಿಯ ತಲೆಗೆ ಗುರಿಯಿಟ್ಟು ಹೊಡೆದರೆ ಕುತ್ತಿಗೆಯಿಂದ ಬಿಳಿ ಆವಿ ಚಿಮ್ಮುತ್ತದೆ. ಮಂಗಳದಲ್ಲಿರುವ ದಢೂತಿ ಕಬಾಲ್‌ನ ಶಿರಸ್ತ್ರಾಣ ಒಡೆದರೆ ಒಳಗಿನ ಒತ್ತಡವೆಲ್ಲ ಬುಸ್ಸೆಂದು ಹೊರಬರುತ್ತದೆ. ವೆಕ್ಸ್ ಎಂಬ ಯಂತ್ರಗಳ ಬಗೆಯೇ ಬೇರೆ. ತಲೆ ಹಾರಿಸಿದರೆ ಅವು ಸಾಯುವುದಿಲ್ಲ, ಹುಚ್ಚೆದ್ದು ಮೈಮೇಲೆ ಬರುತ್ತವೆ. ಹೊಡೆಯಬೇಕಾದದ್ದು ಹೊಟ್ಟೆಯಲ್ಲಿ ಹೊಳೆಯುವ ಬಿಳಿ ದ್ರವಕ್ಕೆ. ತಲೆಗೆ ಹೊಡೆದು ಪಳಗಿದ ಕೈ ಶುಕ್ರಕ್ಕೆ ಕಾಲಿಟ್ಟೊಡನೆ ಹೊಸದಾಗಿ ಕಲಿಯಬೇಕು. ಇಷ್ಟು ಸೂಕ್ಷ್ಮವಾಗಿ ಯೋಚಿಸಿದವರು ಕಥೆಯನ್ನು ಮಾತ್ರ ಕೈಬಿಟ್ಟಿದ್ದರು ಎಂಬುದೇ ನನ್ನ ಸಿಟ್ಟಿಗೆ ಕಾರಣ.

ಯಾರು ಯಾರ ಮೇಲೆ ಏಕೆ ಯುದ್ಧ ಮಾಡುತ್ತಿದ್ದಾರೆ ಎಂಬುದು ಆಟ ಮುಗಿದರೂ ತಿಳಿಯುತ್ತಿರಲಿಲ್ಲ. ಕಥೆಗೆ ಕೀಲಿಯಾಗಬೇಕಿದ್ದ ನಿಗೂಢ ಹೆಂಗಸು ಬಂದು, ವಿವರಿಸಲು ಸಮಯವಿಲ್ಲ ಎಂದು ಹೇಳಿ ಹೋಗುತ್ತಾಳೆ. ವಿವರಗಳೆಲ್ಲ ಗ್ರಿಮ್ವಾರ್ ಕಾರ್ಡ್‌ಗಳಲ್ಲಿದ್ದವು. ಅವನ್ನು ಓದಲು ಆಟ ಬಿಟ್ಟು ಬಂಜೀಯ ಜಾಲತಾಣಕ್ಕೋ ಮೊಬೈಲ್ ಆ್ಯಪ್‌ಗೋ ಹೋಗಬೇಕಿತ್ತು. ಎಲೆ ಹಾಕಿ ಕೂರಿಸಿ, ಪಲ್ಯಕ್ಕೆ ಪಕ್ಕದ ಬೀದಿಗೆ ಹೋಗಿ ಎಂದ ಹಾಗೆ. ಅಷ್ಟು ಒಳ್ಳೆಯ ಬರವಣಿಗೆ ಆ ಕಾರ್ಡ್‌ಗಳಲ್ಲಿ ಅಡಗಿದ್ದದ್ದು ನನಗೆ ಇನ್ನಷ್ಟು ಬೇಸರ ತರಿಸಿತು.

ಬಹುಮಾನದ ಲೆಕ್ಕವಂತೂ ಆಟಗಾರನ ಸಮಯಕ್ಕೆ ಬೆಲೆಯನ್ನೇ ಕೊಡುತ್ತಿರಲಿಲ್ಲ. ಗಂಟೆಗಟ್ಟಲೆ ಆಡಿ ಸಿಕ್ಕ ನೇರಳೆ ಬಣ್ಣದ ಎನ್‌ಗ್ರಾಮನ್ನು, ಅಂದರೆ ಬಿಡಿಸಿ ನೋಡಬೇಕಾದ ಬಹುಮಾನದ ಗಂಟನ್ನು, ಬಿಡಿಸಿದರೆ ಒಳಗೆ ಕೆಳದರ್ಜೆಯ ನೀಲಿ ವಸ್ತು! ಜನ ಬೇಸತ್ತು ಭೂಮಿಯ ನೆಲೆಯಾದ ಕಾಸ್ಮೊಡ್ರೋಮ್‌ನ ಒಂದು ಗುಹೆಯೆದುರು ಸಾಲಾಗಿ ನಿಂತು, ಒಳಗಿಂದ ಬರುವ ಶತ್ರುಗಳನ್ನು ಹೊತ್ತುಗಟ್ಟಲೆ ಹೊಡೆದು ಬಹುಮಾನ ಆರಿಸಿಕೊಳ್ಳುತ್ತಿದ್ದರು. ಕೆಲವೇ ವಾರಗಳಲ್ಲಿ ಗುಹೆಯ ದಾರಿ ಮುಚ್ಚಿತು, ಎನ್‌ಗ್ರಾಮಿನ ಅನ್ಯಾಯವೂ ನಿಂತಿತು. ಆದರೆ 20ನೇ ಹಂತ ದಾಟಿದ ಮೇಲೆ ಮುಂದಿನ ಹಂತಗಳು ತೊಟ್ಟ ಕವಚದ ‘ಬೆಳಕು’ ಎಂಬ ಅಂಕವನ್ನೇ ಅವಲಂಬಿಸಿದ್ದವು. 30 ಮುಟ್ಟಲು ರೇಡ್‌ನಲ್ಲಿ, ಅಂದರೆ ಗುಂಪು ಕಟ್ಟಿಕೊಂಡೇ ಆಡಬೇಕಾದ ಕಠಿಣ ಕಾರ್ಯಾಚರಣೆಯಲ್ಲಿ, ಸಿಗುವ ಕವಚವೇ ಬೇಕು. ಒಂದು ಜೊತೆ ಬೂಟು ಸಿಗದೆ ಎಷ್ಟೋ ಜನ 29ರಲ್ಲೇ ವಾರಗಟ್ಟಲೆ ಉಳಿದರು. ನಾನು ದೀಪಾವಳಿಯ ಹೊತ್ತಿಗೆ ಡಿಸ್ಕನ್ನು ಡಬ್ಬಿಗೆ ಹಾಕಿದೆ.

ಡಿಸೆಂಬರಿನಲ್ಲಿ ಬಂದ ದ ಡಾರ್ಕ್ ಬಿಲೋ ಕಂತು ನನ್ನನ್ನು ಎಳೆಯಲಿಲ್ಲ. 20 ಡಾಲರ್ ಬೆಲೆಗೆ ಅದೇ ಚಂದ್ರ, ಅದೇ ಕಾಸ್ಮೊಡ್ರೋಮ್. ಜೊತೆಗೆ ಅಷ್ಟು ದಿನ ಕಷ್ಟಪಟ್ಟು ಗಳಿಸಿದ ಆಯುಧಗಳೆಲ್ಲ ಹೊಸದರ ಮುಂದೆ ಹಿಂದೆ ಬಿದ್ದವು.

2015ರ ಮೇ ತಿಂಗಳಲ್ಲಿ ಹೌಸ್ ಆಫ್ ವುಲ್ವ್ಸ್ ಎಂಬ ಮುಂದಿನ ಕಂತು ಬಂದಾಗ ಮಂಡ್ಯದಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ. "ಅಣ್ಣ, ಹಳೆಯ ಗನ್‌ಗಳನ್ನೆಲ್ಲ ಹೊಸದರ ಮಟ್ಟಕ್ಕೆ ಏರಿಸಬಹುದು. ವಾಲ್ಟ್ ರೇಡ್‌ಗೆ ಒಬ್ಬರು ಕಡಿಮೆಯಿದ್ದಾರೆ, ನೀನು ಬಾ" ಎಂದ. ಈಥರಿಕ್ ಲೈಟ್ ಎಂಬ ವಸ್ತುವಿನಿಂದ ಅದು ಸಾಧ್ಯವಾಗಿತ್ತು. ನೋಡಲು ಸಣ್ಣ ಬದಲಾವಣೆ. ಆದರೆ ಆಟಗಾರ ಪಟ್ಟ ಶ್ರಮಕ್ಕೆ ಬೆಲೆಯಿದೆ ಎಂದು ತಯಾರಕರು ಹೇಳಿದ್ದು ನನಗೆ ಕೇಳಿಸಿದ್ದು ಅದರಲ್ಲಿಯೇ.

ವಾಲ್ಟ್ ಆಫ್ ಗ್ಲಾಸ್ ಶುಕ್ರದಲ್ಲಿರುವ ರೇಡ್. ಆರು ಜನ ಬೇಕು, ಮತ್ತು ಆ ಆರು ಜನರನ್ನು ಆಟ ಹುಡುಕಿಕೊಡುವುದಿಲ್ಲ. ನಾವು ಮೈಸೂರಿನ ಮೂವರು, ಮಂಡ್ಯದ ತಮ್ಮ, ಅವನ ಕಾಲೇಜಿನ ಗೆಳೆಯ, ಶ್ರೀರಂಗಪಟ್ಟಣದ ಒಬ್ಬರು ಮೇಷ್ಟ್ರು. ಒಳಗೆ ಹೋದ ಮೇಲೆ ಏನು ಮಾಡಬೇಕೆಂದು ಆಟ ಬಾಯಿಬಿಟ್ಟು ಹೇಳುವುದಿಲ್ಲ. ಒಂದು ಹಂತದಲ್ಲಿ ಆರಕಲ್ ಎಂಬ ಬೆಳಕಿನ ಗೋಳಗಳು ಕೋಣೆಯ ಬೇರೆ ಬೇರೆ ಕಡೆ ಒಂದಾದ ಮೇಲೊಂದು ಮೂಡುತ್ತವೆ. ಮೂಡುವಾಗ ಒಂದೊಂದೂ ಒಂದೊಂದು ಸ್ವರ ಹೊರಡಿಸುತ್ತದೆ. ಮೂಡಿದ ಕ್ರಮದಲ್ಲೇ ಒಡೆಯಬೇಕು. ತಪ್ಪಿದರೆ ಎಲ್ಲರ ಮೇಲೂ ಗುರುತು ಬೀಳುತ್ತದೆ. ನಡುವಿನ ಬೆಳಕಿನ ಕೊಳಕ್ಕೆ ಓಡಿ ತೊಳೆದುಕೊಳ್ಳದಿದ್ದರೆ ಸಾವು. ಹೆಡ್‌ಸೆಟ್‌ನಲ್ಲಿ "ಎಡ ಮೂಲೆ ಒಂದು, ನಡು ಮೇಲೆ ಎರಡು, ಬಲ ಹಿಂದೆ ಮೂರು" ಎಂದು ಕೂಗಿಕೊಳ್ಳುತ್ತಿದ್ದೆವು. ಮೇಷ್ಟ್ರು ಪಿಟೀಲು ಕಲಿತವರು. ಸ್ವಲ್ಪ ಹೊತ್ತಾದ ಮೇಲೆ ಅವರು ಪರದೆಯನ್ನು ನೋಡದೆ, ಸ್ವರ ಕೇಳಿಯೇ ಕ್ರಮ ಹೇಳತೊಡಗಿದರು. ಉಳಿದವರೆಲ್ಲ ಅವರ ಮಾತಿಗೆ ಗುರಿಯಿಟ್ಟೆವು.

ಕೊನೆಯಲ್ಲಿ ಏತಿಯಾನ್ ಎಂಬ ಪ್ರಧಾನ ಶತ್ರುವಿನೊಡನೆ ನಡೆಯುವ ಕಾಳಗದಲ್ಲಿ ಮೂವರು ಇದ್ದಕ್ಕಿದ್ದಂತೆ ಭೂತಕಾಲಕ್ಕೋ ಭವಿಷ್ಯಕ್ಕೋ ಎಸೆಯಲ್ಪಡುತ್ತಾರೆ. ಹೊರಗೆ ಉಳಿದ ಮೂವರು ಅವರು ಮರಳುವ ಬಾಗಿಲನ್ನು ತೆರೆದಿಡಬೇಕು. ಅದೇ ಹೊತ್ತಿಗೆ ಮಂಡ್ಯದಲ್ಲಿ ಕರೆಂಟ್ ಹೋಯಿತು. ಅಂತರ್ಜಾಲವಿಲ್ಲದೆ ಈ ಆಟ ತೆರೆಯುವುದೇ ಇಲ್ಲ, ಆದ್ದರಿಂದ ಇಬ್ಬರು ಮಾಯ. ಅವರು ಮರಳುವವರೆಗೆ ಉಳಿದ ನಾವು ನಾಲ್ವರು ಸತ್ತು, ಎದ್ದು, ಮತ್ತೆ ಸತ್ತೆವು. ಗೆದ್ದಾಗ ಬೆಳಗಿನ ಹಾಲಿನವರು ಬರುವ ಹೊತ್ತು. ನನ್ನ ತಮ್ಮ ಹೆಡ್‌ಸೆಟ್‌ನಲ್ಲಿ ಕೂಗಿದ ಕೂಗಿಗೆ ಚಿಕ್ಕಮ್ಮ ಎದ್ದು ಬಂದು ಗದರಿದ್ದು ನಮಗೆಲ್ಲ ಕೇಳಿಸಿತು.

ಜಗಳದ ಮೂಲ ನನಗೆ ತಿಳಿದದ್ದು ಇದರ ನಂತರ. ವಾಲ್ಟ್ ತೆರೆದದ್ದು ಸೆಪ್ಟೆಂಬರ್ 16ರಂದು, ಅಂದರೆ ಬಿಡುಗಡೆಯಾಗಿ ಒಂದು ವಾರಕ್ಕೆ. ಮೊದಲ ವಾರವೇ ತೀರ್ಪು ಕೊಟ್ಟವರಾರೂ ಅದನ್ನು ನೋಡಿರಲಿಲ್ಲ. ಐದು ಜನ ಜೊತೆಗಾರರಿಲ್ಲದವರು ಆಮೇಲೂ ನೋಡಲಿಲ್ಲ. ಒಂದೇ ಹೆಸರಿನ ಎರಡು ಆಟಗಳ ಬಗ್ಗೆ ಜನ ಕಿತ್ತಾಡುತ್ತಿದ್ದರು. ಒಬ್ಬರು ಬಾಗಿಲ ಈಚೆ, ಇನ್ನೊಬ್ಬರು ಆಚೆ. ತನ್ನ ಅತ್ಯುತ್ತಮ ಭಾಗವನ್ನು ಹೀಗೆ ಬಚ್ಚಿಟ್ಟದ್ದು ಅನ್ಯಾಯ ಎಂದೇ ನಾನು ಇಂದಿಗೂ ಹೇಳುತ್ತೇನೆ. ಚಾಮರಾಜನಗರದಲ್ಲೋ ಪಾಂಡವಪುರದಲ್ಲೋ ಒಂಟಿಯಾಗಿ ಕೂತು ಆಡಿದ ಹುಡುಗನೂ ಅಷ್ಟೇ ದುಡ್ಡು ಕೊಟ್ಟಿದ್ದ.

ಕಥೆಯ ಕೊರತೆಯನ್ನು 2015ರ ಸೆಪ್ಟೆಂಬರಿನ ದ ಟೇಕನ್ ಕಿಂಗ್ ಕಂತು ಬಹುಮಟ್ಟಿಗೆ ತುಂಬಿತು. ಏನು ಮಾಡುತ್ತಿದ್ದೇವೆ ಎಂದು ತಿಳಿಸುವ ಕ್ವೆಸ್ಟ್‌ಗಳು ಬಂದವು, ಹಂತ ಏರಲು ಬೂಟಿನ ಹಂಗು ತಪ್ಪಿತು. ನಮ್ಮ ಜೊತೆ ಹಾರುವ ಪುಟ್ಟ ಯಂತ್ರ ಘೋಸ್ಟ್‌ಗೆ ನಟ ಪೀಟರ್ ಡಿಂಕ್ಲೇಜ್ ಬದಲು ನೋಲನ್ ನಾರ್ತ್ ದನಿ ಕೊಟ್ಟರು. ಹಳೆಯ ಮಾತುಗಳನ್ನೂ ಮತ್ತೆ ಧ್ವನಿಮುದ್ರಿಸಿದರು. ಡಿಂಕ್ಲೇಜ್ ದನಿ ಚಪ್ಪೆ ಎಂದು ಬೈದವರು ಬಹಳ. ನನಗೆ ಆ ದಣಿದ ದನಿಯೇ ಇಷ್ಟವಾಗಿತ್ತು.

ನಿಮ್ಮ ಮನಸ್ಸಿನಲ್ಲೂ ಹೀಗೆ ಬಿಟ್ಟುಬಂದ ಆಟವೊಂದು ಇದ್ದರೆ, ಮೊದಲ ದಿನ ಅದರ ಗುಂಡು ಹಾರಿಸುವ ಕ್ರಿಯೆ ಕೈಗೆ ಹಿತವೆನಿಸಿತ್ತೇ ಎಂದು ನೆನಪಿಸಿಕೊಳ್ಳಿ. ಹಿಡಿಸದಿದ್ದರೆ ಬಿಡಿ, ನಾನು ಕಂಡಂತೆ ಅದು ಅಪ್‌ಡೇಟ್‌ನಿಂದ ಬದಲಾಗುವುದು ಅಪರೂಪ. ಹಿಡಿಸಿತ್ತು ಎಂದಾದರೆ, ಹೊಸ ಕಂತು ಕೊಳ್ಳುವ ಮೊದಲು ಗೆಳೆಯರಿಗೆ ಫೋನ್ ಮಾಡಿ, ಯಾರು ಯಾರು ಬರುತ್ತಾರೆ ಎಂದು ಕೇಳಿಕೊಳ್ಳಿ.