ಫಿನ್ಲೆಂಡಿನ ಚಳಿಗಾಲದಲ್ಲಿ ದಿನನಿತ್ಯ ಸಿಗುವ ಸಣ್ಣ ಸಣ್ಣ ಖುಷಿಗಳು ಯಾವುವು?

ಅಕ್ಟೋಬರ್‌ನಲ್ಲಿ ಕೆಲಸಕ್ಕೆಂದು ಹೆಲ್ಸಿಂಕಿಗೆ ಹೊರಟಿದ್ದೀರಿ, ಒಬ್ಬರೇ ಇರಬೇಕು, ಅಲ್ಲಿನ ಕತ್ತಲೆ ನೆನೆಸಿಕೊಂಡರೆ ಎದೆ ಝಲ್ಲೆನ್ನುತ್ತದೆ ಅಂತ ಬರೆದಿದ್ದೀರಿ. ದಿನ ಕಳೆಯೋಕೆ ಸಣ್ಣಪುಟ್ಟ ಖುಷಿಗಳಾದರೂ ಇರುತ್ತವಾ ಅನ್ನೋದು ನಿಮ್ಮ ಪ್ರಶ್ನೆ. ಖಂಡಿತ ಇರುತ್ತವೆ. ನಾನು ಇದೇ ಊರಲ್ಲಿ ಹಲವು ಚಳಿಗಾಲ ಕಳೆದಿದ್ದೇನೆ. ಆಕಾಶದ ಹಸಿರು ಬೆಳಕು, ಹಿಮಸಾರಂಗ ಎಳೆಯುವ ಬಂಡಿ, ಅವೆಲ್ಲ ದೂರದ ಲ್ಯಾಪ್‌ಲ್ಯಾಂಡಿಗೆ ಪ್ರವಾಸ ಹೋದಾಗಿನ ಮಾತು. ನಿಮಗೆ ಬೇಕಿರುವುದು ಆಫೀಸು ಮುಗಿಸಿ ಮನೆಗೆ ಬಂದ ಸಂಜೆಯ ಖುಷಿ ಅಲ್ವಾ? ಅದನ್ನೇ ಹೇಳುತ್ತೇನೆ.

ಕತ್ತಲೆಯ ಲೆಕ್ಕ ಮೊದಲು ಮುಗಿಸಿಬಿಡೋಣ. ವರ್ಷದಲ್ಲೇ ಅತಿ ಚಿಕ್ಕ ಹಗಲಿರುವ ಡಿಸೆಂಬರ್ 21ರ ಹೊತ್ತಿಗೆ ಇಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಸುಮಾರು 9.24ಕ್ಕೆ, ಮುಳುಗುವುದು ಮಧ್ಯಾಹ್ನ 3.13ರ ಸುಮಾರಿಗೆ. ಅದೂ ಮೋಡ ಇಲ್ಲದಿದ್ದರೆ ಕಾಣಿಸುತ್ತಾನೆ. ನನ್ನ ಪ್ರಕಾರ ಡಿಸೆಂಬರ್‌ಗಿಂತ ನವೆಂಬರ್ ಕಷ್ಟ. ಆಗ ಹಿಮ ಇನ್ನೂ ನಿಂತಿರುವುದಿಲ್ಲ. ಮಳೆಗೆ ನೆನೆದ ಡಾಂಬರು ರಸ್ತೆ ಇದ್ದ ಬೆಳಕನ್ನೂ ನುಂಗಿಬಿಡುತ್ತದೆ. ಒಮ್ಮೆ ಹಿಮ ಬಿದ್ದು ನಿಂತಿತೆಂದರೆ ಬೀದಿದೀಪದ ಬೆಳಕು ನೆಲದಿಂದ ವಾಪಸ್ ಚಿಮ್ಮುತ್ತದೆ. ರಾತ್ರಿ ಎಂಟಕ್ಕೂ ದಾರಿ ತಿಳಿಯಾಗಿ ಕಾಣುತ್ತದೆ.

ಆದರೆ ಕತ್ತಲೆಗಿಂತ ಜಾಸ್ತಿ ಕಾಡುವುದು ಜನ ಕಾಣದಿರುವುದು. ಎಲ್ಲರೂ ಮೂರು ಪದರ ಗಾಜಿನ ಕಿಟಕಿಗಳ ಹಿಂದೆ ಬೆಚ್ಚಗಿರುತ್ತಾರೆ. ಲಿಫ್ಟಿನಲ್ಲಿ ಸಿಕ್ಕ ಪಕ್ಕದ ಮನೆಯವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಬಿಗುಮಾನ ಅಂದುಕೊಳ್ಳಬೇಡಿ, ಇನ್ನೊಬ್ಬರಿಗೆ ತೊಂದರೆ ಕೊಡಬಾರದೆಂಬ ಮರ್ಯಾದೆ ಅದು. ಹಾಗಾಗಿ ಇಲ್ಲಿ ನನಗೆ ಖುಷಿ ಕೊಡುವುದೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯದು. ಹತ್ತಿರದಲ್ಲಿ ಜನ ಇದ್ದಾರೆ, ಯಾರೋ ನಮ್ಮನ್ನು ನೆನೆದಿದ್ದಾರೆ ಅಂತ ತಿಳಿಸುವ ಗುರುತುಗಳು.

ಅದರಲ್ಲಿ ಮೊದಲನೆಯದು ಪೋಸ್ಟ್‌ಕಾರ್ಡು.

ಇಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ, ಅದರಲ್ಲೂ ಹಳೆಯ ಕಟ್ಟಡಗಳಲ್ಲಿ, ಒಂದೊಂದು ಮನೆಯ ಬಾಗಿಲಲ್ಲೂ ಲೋಹದ ಮುಚ್ಚಳದ ಒಂದು ಉದ್ದನೆ ಸೀಳು ಇರುತ್ತದೆ. ಅಂಚೆಯವರು ಲಿಫ್ಟಿನಲ್ಲಿ ಮೇಲಕ್ಕೆ ಹೋಗಿ, ಮೆಟ್ಟಿಲು ಇಳಿಯುತ್ತಾ ಮನೆಮನೆಗೆ ಟಪಾಲು ಹಾಕುತ್ತಾ ಬರುತ್ತಾರೆ. ಮನೆಯಿಂದ ಕೆಲಸ ಮಾಡುವ ದಿನ ಮೇಲಿನ ಮಹಡಿಯ ಮುಚ್ಚಳಗಳ ಸದ್ದು ನನಗೆ ಕೇಳಿಸುತ್ತದೆ. ಟಕ್, ಆಮೇಲೆ ಹೆಜ್ಜೆ, ಮತ್ತೆ ಟಕ್. ಕೈಯಲ್ಲಿದ್ದ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಜಾಹೀರಾತು ಬೇಡ ಎಂಬ ಚೀಟಿ ಬಾಗಿಲಿಗೆ ಅಂಟಿಸಿದ್ದೇನೆ, ಹಾಗಾಗಿ ಅಂಗಡಿಗಳ ಕರಪತ್ರ ಬೀಳುವುದಿಲ್ಲ. ಬಿದ್ದದ್ದು ನನ್ನ ಹೆಸರಿಗೇ ಬಂದದ್ದು. ಬಿಲ್ಲೋ ಕಾರ್ಡೋ ಅನ್ನೋದು ಸದ್ದಿನಲ್ಲೇ ಗೊತ್ತಾಗುತ್ತದೆ. ಲಕೋಟೆ ಸರಕ್ಕನೆ ಜಾರುತ್ತದೆ. ಕಾರ್ಡು ಗಟ್ಟಿ, ಅಂಚಿನ ಮೇಲೆ ಬಿದ್ದು ಟಪ್ ಅನ್ನುತ್ತದೆ. ತಕ್ಷಣ ಎತ್ತಿಕೊಂಡರೆ ಹೊರಗಿನ ಚಳಿ ಅದರ ಮೈಮೇಲೆ ಇನ್ನೂ ಇರುತ್ತದೆ.

ನಮ್ಮ ದೊಡ್ಡಮ್ಮ ಕಾರ್ಡು ಬರೆಯುವ ರೀತಿಯನ್ನು ನೀವು ನೋಡಬೇಕು. ಮೊದಲ ಸಾಲು ದುಂಡಗೆ, ದೊಡ್ಡದಾಗಿ: ‘ಇಲ್ಲಿ ಎಲ್ಲರೂ ಕ್ಷೇಮ.’ ಅರ್ಧಕ್ಕೆ ಬರುವಷ್ಟರಲ್ಲಿ ಜಾಗ ಸಾಲದೆಂದು ಅವರಿಗೆ ಗೊತ್ತಾಗುತ್ತದೆ, ಅಕ್ಷರ ಚಿಕ್ಕದಾಗುತ್ತಾ ಹೋಗುತ್ತದೆ. ಆಮೇಲೆ ಕಾರ್ಡನ್ನು ತಿರುಗಿಸಿ ಅಂಚಿನುದ್ದಕ್ಕೂ ಬರೆಯುತ್ತಾರೆ. ಕೊನೆಯ ಮಾತು ಅಂಚೆಚೀಟಿಯ ಪಕ್ಕದಲ್ಲಿ ಸಿಗುತ್ತದೆ. ಒಂದು ಸಲ ಅಲ್ಲಿ ‘ಮಂಡಿನೋವು ಈಗ ಕಡಿಮೆ’ ಅಂತ ಇತ್ತು, ಅದರ ಅರ್ಧದ ಮೇಲೆ ಅಂಚೆ ಮುದ್ರೆ. ಮಂಡಿನೋವಿನ ಸುದ್ದಿ ಫೋನಿನಲ್ಲಿ ನನಗೆ ಮೊದಲೇ ಗೊತ್ತಿತ್ತು. ಆದರೆ ಫೋನು ಇಟ್ಟ ಮೇಲೆ ಮಾತು ಮುಗಿದುಹೋಗುತ್ತದೆ. ಕಾರ್ಡು ಫ್ರಿಜ್ಜಿನ ಮೇಲೆ ಮಾರ್ಚ್ ತನಕ ಇರುತ್ತದೆ, ದಿನಾ ಹಾಲು ತೆಗೆಯುವಾಗ ಕಣ್ಣಿಗೆ ಬೀಳುತ್ತದೆ. ನನಗಾಗಿ ಅವರು ಕನ್ನಡಕ ಹುಡುಕಿ, ಪೆನ್ನು ಹಿಡಿದು ಕೂತಿದ್ದು ಅದರಲ್ಲಿ ಕಾಣುತ್ತದೆ.

ಊರಿನಿಂದ ಬರೆಯುವವರು ಯಾರೂ ಇಲ್ಲ ಅಂದರೂ ಕಾರ್ಡು ಬರುವಂತೆ ಮಾಡಿಕೊಳ್ಳಬಹುದು. ಪೋಸ್ಟ್‌ಕ್ರಾಸಿಂಗ್ ಎಂಬ ಜಾಲತಾಣ ಇದೆ. 2005ರಲ್ಲಿ ಪೋರ್ಚುಗಲ್‌ನ ಒಬ್ಬ ವಿದ್ಯಾರ್ಥಿ ಶುರು ಮಾಡಿದ್ದು. ನೀವು ಕೇಳಿದರೆ ಯಾವುದೋ ದೇಶದ ಒಬ್ಬ ಸದಸ್ಯರ ವಿಳಾಸವನ್ನೂ ಒಂದು ಸಂಖ್ಯೆಯನ್ನೂ ಕೊಡುತ್ತದೆ. ಆ ಸಂಖ್ಯೆಯನ್ನು ಕಾರ್ಡಿನ ಮೇಲೆ ಬರೆದು ಕಳಿಸಬೇಕು. ಅದು ತಲುಪಿದ ಮೇಲೆ ಅವರು ಸಂಖ್ಯೆಯನ್ನು ದಾಖಲಿಸುತ್ತಾರೆ, ಆಗ ನಿಮ್ಮ ವಿಳಾಸ ಮತ್ತೊಬ್ಬರಿಗೆ ಹೋಗುತ್ತದೆ. ಯಾರಿಂದ, ಎಲ್ಲಿಂದ, ಯಾವಾಗ ಬರುತ್ತದೆ ಅನ್ನೋದು ಗೊತ್ತಾಗುವುದೇ ಇಲ್ಲ. ಚಳಿಗಾಲಕ್ಕೆ ಇದಕ್ಕಿಂತ ಒಳ್ಳೆಯ ಹವ್ಯಾಸ ನನಗೆ ಸಿಕ್ಕಿಲ್ಲ. ಜನವರಿಯಲ್ಲಿ ನ್ಯೂಜಿಲೆಂಡಿನಿಂದ ಬಂದ ಕಾರ್ಡಿನಲ್ಲಿ ಸಮುದ್ರತೀರದ ಚಿತ್ರ, ಹಿಂದೆ ‘ಇಲ್ಲಿ ಸೆಕೆ ತಡೆಯೋಕಾಗ್ತಿಲ್ಲ’ ಎಂಬ ಸಾಲು. ಹೊರಗೆ ಮೈನಸ್ 15 ಇರುವಾಗ ಅದನ್ನು ಓದಿದರೆ ಮನಸ್ಸು ಎಷ್ಟು ಹಗುರಾಗುತ್ತದೆ ಗೊತ್ತಾ!

ಇಲ್ಲಿನವರಿಗೂ ಕಾರ್ಡು ಅಂದರೆ ಪ್ರೀತಿ. ಡಿಸೆಂಬರ್‌ನಲ್ಲಿ ಈಗಲೂ ಕೂತು ಕ್ರಿಸ್‌ಮಸ್ ಕಾರ್ಡು ಬರೆಯುವವರಿದ್ದಾರೆ, ಅದಕ್ಕೆಂದೇ ಬೇರೆ ಅಂಚೆಚೀಟಿಗಳೂ ಬರುತ್ತವೆ. ಲಿಫ್ಟಿನಲ್ಲಿ ತಲೆಯಾಡಿಸುವ ಪಕ್ಕದ ಮನೆಯ ಅಜ್ಜಿಯೂ ಒಂದು ಕಾರ್ಡು ಹಾಕಿದ್ದರು. ಅಂಚೆಚೀಟಿ ಇರಲಿಲ್ಲ, ಅವರೇ ಬಂದು ಸೀಳಿನಲ್ಲಿ ಹಾಕಿ ಹೋಗಿದ್ದರು. ನಾನೂ ಮರುದಿನ ಹಾಗೇ ಮಾಡಿದೆ. ಲಿಫ್ಟಿನಲ್ಲಿ ಈಗಲೂ ತಲೆಯಾಡಿಸುವುದಷ್ಟೇ. ಆದರೆ ನಗು ಜಾಸ್ತಿಯಾಗಿದೆ.

ಇನ್ನು ಕಿಟಕಿಗಳು. ಡಿಸೆಂಬರ್ 6 ಇಲ್ಲಿನ ಸ್ವಾತಂತ್ರ್ಯ ದಿನ, 1917ರಲ್ಲಿ ದೇಶ ಸ್ವತಂತ್ರವಾದ ನೆನಪಿಗೆ. ಅವತ್ತು ಸಂಜೆ ಆರರಿಂದ ಎಂಟರವರೆಗೆ ಕಿಟಕಿಯಲ್ಲಿ ಎರಡು ಮೇಣದಬತ್ತಿ ಹಚ್ಚಿಡುವುದು ವಾಡಿಕೆ. ನೀವೂ ಹಚ್ಚಿಡಿ, ಆಮೇಲೆ ಕೋಟು ಹಾಕಿಕೊಂಡು ಬೀದಿಗೆ ಇಳಿಯಿರಿ. ಸುಮ್ನೆ ಒಂದು ಸುತ್ತು ಹೋಗಿ ಬನ್ನಿ. ಯಾವ ಮನೆ ಖಾಲಿ ಅಂದುಕೊಂಡಿದ್ದಿರೋ ಅಲ್ಲೂ ಎರಡು ಜ್ವಾಲೆ ಕಾಣುತ್ತದೆ.

ಬೀದಿಯಲ್ಲಿ ಇನ್ನೊಂದು ಕಾಣುತ್ತದೆ: ರಿಫ್ಲೆಕ್ಟರು, ಅಂದರೆ ಬೆಳಕು ಬಿದ್ದರೆ ಮಿಂಚುವ ಸಣ್ಣ ಬಿಲ್ಲೆ. ಕತ್ತಲಲ್ಲಿ ನಡೆಯುವವರು ಇದನ್ನು ಹಾಕಿಕೊಳ್ಳಬೇಕೆಂದು ಕಾನೂನೇ ಹೇಳುತ್ತದೆ. ಹಿಮದ ಹರಳು, ಕರಡಿ, ಹಕ್ಕಿ, ನಾನಾ ಆಕಾರ. ಕೋಟಿನ ಜೇಬಿನಿಂದ ಒಂದು ದಾರದಲ್ಲಿ ಇಳಿಬಿಟ್ಟಿರುತ್ತಾರೆ, ಮೊಣಕಾಲಿನ ಹತ್ತಿರ ತೂಗಾಡುತ್ತದೆ. ಕಾರಿನ ಬೆಳಕು ಬಿದ್ದಾಗ ದೂರದಲ್ಲಿ ಫಳಕ್ ಅಂದರೆ ಅಲ್ಲೊಬ್ಬರು ಬರುತ್ತಿದ್ದಾರೆ ಅಂತ ಅರ್ಥ. ಶಾಲೆಯ ಮಕ್ಕಳು ಬೆಳಿಗ್ಗೆ ಎಂಟಕ್ಕೆ ಗುಂಪಾಗಿ ಹೋಗುವಾಗ ಮುಖ ಕಾಣುವುದಿಲ್ಲ, ಈ ಮಿಂಚುಗಳು ಕಾಣುತ್ತವೆ, ಮಾತು ಕೇಳುತ್ತದೆ. ಬಂದ ಮೊದಲ ವಾರವೇ ಒಂದು ತೆಗೆದುಕೊಳ್ಳಿ.

ಚಳಿ ಜಾಸ್ತಿಯಾದಂತೆ ಮಕ್ಕಳು ಒಳಗೆ ಸೇರಿಕೊಳ್ಳುತ್ತಾರೆ ಅಂದುಕೊಂಡಿರಬಹುದು. ಇಲ್ಲ. ಎಳೆ ಮಕ್ಕಳನ್ನೂ ಚೆನ್ನಾಗಿ ಸುತ್ತಿ ಮಧ್ಯಾಹ್ನದ ನಿದ್ದೆಗೆ ತಳ್ಳುಗಾಡಿಯಲ್ಲಿ ಹೊರಗೆ ಮಲಗಿಸುತ್ತಾರೆ. ದೊಡ್ಡ ಮಕ್ಕಳಿಗೆ ಆಟದ ಮೈದಾನಕ್ಕೆ ನೀರು ಹಾಯಿಸಿ ಮಂಜುಗಡ್ಡೆ ಮಾಡಿಕೊಡುತ್ತಾರೆ, ಅಲ್ಲಿ ಸಂಜೆಯೆಲ್ಲ ಸ್ಕೇಟಿನ ಕರಕರ ಸದ್ದು. ಒಳ್ಳೆಯ ಪುಡಿಹಿಮ ಬಿದ್ದ ದಿನ ಕೆಲವರು ಜಮಖಾನೆ ತಂದು ಹಿಮದ ಮೇಲೆ ಹಾಸಿ ಬಡಿಯುತ್ತಾರೆ, ಧೂಳೆಲ್ಲ ಹಿಮಕ್ಕೆ ಅಂಟಿಕೊಳ್ಳುತ್ತದೆ. ಅಂಗಳದಿಂದ ಆ ದಪ್ ದಪ್ ಕೇಳಿದರೆ ನಾನು ಕಿಟಕಿಗೆ ಓಡುತ್ತೇನೆ.

ಸೌನಾ, ಅಂದರೆ ಬಿಸಿ ಹಬೆಯ ಸ್ನಾನದ ಕೋಣೆ, ಅದರ ಬಗ್ಗೆ ನಿಮಗೆ ಎಲ್ಲರೂ ಹೇಳುತ್ತಾರೆ. ಸುಮಾರು 56 ಲಕ್ಷ ಜನರ ದೇಶದಲ್ಲಿ ಮೂವತ್ತು ಲಕ್ಷದಷ್ಟು ಸೌನಾಗಳಿವೆ. 2020ರಲ್ಲಿ ಇಲ್ಲಿನ ಸೌನಾ ಪದ್ಧತಿ ಯುನೆಸ್ಕೋದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೂ ಸೇರಿತು. ನಾನು ಹೇಳುವುದು ಇಷ್ಟೇ: ನಿಮ್ಮ ಕಟ್ಟಡದಲ್ಲಿ ಎಲ್ಲರಿಗೂ ಸೇರಿ ಒಂದು ಸಂಜೆ ಇದ್ದರೆ ತಪ್ಪಿಸಬೇಡಿ. ನಮ್ಮಲ್ಲಿ ಹೆಂಗಸರಿಗೆ ಒಂದು ಸಂಜೆ ಇದೆ. ಬಿಸಿ ಕಲ್ಲಿನ ಮೇಲೆ ನೀರು ಬಿದ್ದು ಹಬೆ ಎದ್ದ ಮೇಲೆ, ಬೇರೆಲ್ಲೂ ಬಾಯಿ ಬಿಡದವರು ಅಲ್ಲಿ ತಾವಾಗಿಯೇ ಮಾತಾಡುತ್ತಾರೆ. ಎಲ್ಲಿಂದ ಬಂದಿದ್ದು, ಚಳಿ ಹೇಗಿದೆ, ಅಮ್ಮ ಅಪ್ಪ ಹೇಗಿದ್ದಾರೆ ಅಂತ ನನ್ನನ್ನು ಮೊದಲು ಕೇಳಿದ್ದು ಅಲ್ಲಿಯೇ.

ಸೂರ್ಯನ ವಿಷಯಕ್ಕೆ ಬಂದರೆ, ಸಂಜೆಯ ಬೆಳಕು ಹೆಚ್ಚಲು ಡಿಸೆಂಬರ್ 21ರ ತನಕ ಕಾಯಬೇಕಿಲ್ಲ. ಬೆಳಗು ತಿಂಗಳ ಕೊನೆಯವರೆಗೂ ತಡವಾಗುತ್ತಲೇ ಹೋದರೂ, ಸೂರ್ಯ ಮುಳುಗುವ ಹೊತ್ತು ಮಾತ್ರ 21ಕ್ಕೆ ಕೆಲವು ದಿನ ಮೊದಲೇ ನಿಧಾನವಾಗಿ ಮುಂದಕ್ಕೆ ಹೋಗಲು ಶುರುಮಾಡುತ್ತದೆ. ಆಫೀಸಿನಲ್ಲಿ ಯಾರಾದರೂ ಅದನ್ನು ಗಮನಿಸಿ ಹೇಳಿಯೇ ಹೇಳುತ್ತಾರೆ.

ಕೊನೆಗೆ, ಹೊರಡುವ ಮೊದಲು ಬೇಕಾದವರ ವಿಳಾಸಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ನಿಮಗೆ ಕಾರ್ಡು ಬರಬೇಕೆಂದರೆ ಮೊದಲು ನೀವು ಕಳಿಸಬೇಕು. ಬಾಲ್‌ಪೆನ್ನಿನಲ್ಲೇ ಬರೆಯಲು ಅವರಿಗೆ ಹೇಳಿ, ಇಂಕು ಪೆನ್ನಿನದ್ದು ಹಿಮ ತಾಗಿದರೆ ಹರಡುತ್ತದೆ. ಇಲ್ಲಿ ಮನೆ ಸಿಕ್ಕ ಕೂಡಲೇ ಬಾಗಿಲ ಮೇಲೆ ನಿಮ್ಮ ಹೆಸರು ಹಾಕಿಸಿ. ಮನೆ ನಂಬರ್ ಸರಿಯಿದ್ದರೂ ಅಂಚೆಯವರು ಬಾಗಿಲ ಮೇಲಿನ ಹೆಸರು ನೋಡುತ್ತಾರೆ, ಹಳೆಯ ಬಾಡಿಗೆದಾರರ ಹೆಸರೇ ಇದ್ದರೆ ನಿಮ್ಮ ಕಾರ್ಡು ವಾಪಸ್ ಹೋಗಬಹುದು. ಕಟ್ಟಡ ನೋಡಿಕೊಳ್ಳುವವರಿಗೆ ಒಂದು ಇಮೇಲ್ ಹಾಕಿದರೆ ಹೆಸರಿನ ಫಲಕ ಬದಲಾಯಿಸಿಕೊಡುತ್ತಾರೆ. ಅಲ್ಲಿಯ ತನಕ ಒಂದು ಕಾಗದದ ಮೇಲೆ ದಪ್ಪಗೆ ಬರೆದು ಅಂಟಿಸಿದರೂ ಸಾಕು.