ಎಡಗೈ ಚಾಚಿದ ಹುಡುಗ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ನಿದ್ದೆ ಬರುತ್ತಿಲ್ಲ ಅಂತ ನನ್ನ ಹತ್ತಿರ ಸಲಹೆ ಕೇಳಿ ಬಂದವರು ಅವರು. ಅರವತ್ತು ದಾಟಿದ ನಿವೃತ್ತ ಬ್ಯಾಂಕ್ ಅಧಿಕಾರಿ. ಲೆಕ್ಕಪತ್ರ ಚೆನ್ನಾಗಿ ಗೊತ್ತು ಅಂತ ಎರಡು ವರ್ಷದ ಹಿಂದೆ ಒಂದು ಮಕ್ಕಳ ಆಶ್ರಮಕ್ಕೆ ಟ್ರಸ್ಟಿ ಮಾಡಿಕೊಂಡಿದ್ದರು. ಮೂರು ತಿಂಗಳಿಗೊಂದು ಸಭೆ, ಕಾಫಿ, ಸಹಿ.

ಹಬ್ಬಕ್ಕೆ ಲಾಡು ಹಂಚುವಾಗ ಹತ್ತು ವರ್ಷದ ಹುಡುಗನೊಬ್ಬ ಎಡಗೈ ಚಾಚಿದ. "ಎಡಗೈಲಿ ತಗೋತಾರೇನೋ ಪುಟ್ಟಾ, ಬಲಗೈ ಕೊಡು" ಅಂದರು. ಬೆನ್ನ ಹಿಂದಿದ್ದ ಕೈ ನಿಧಾನಕ್ಕೆ ಮುಂದೆ ಬಂತು. ಅಂಗೈ ತುಂಬಾ ಬಾಸುಂಡೆ, ಬೆರಳು ಮಡಚೋಕೇ ಆಗುತ್ತಿರಲಿಲ್ಲ, ಲಾಡು ಕೆಳಗೆ ಬಿತ್ತು. "ಬಿದ್ದು ಏಟು ಮಾಡ್ಕೊಂಡಿದ್ದಾನೆ ಮೇಡಂ" ಅಂದ ವಾರ್ಡನ್. ಹುಡುಗನೂ ಹೌದು ಅಂತ ತಲೆ ಆಡಿಸಿದ.

ಅಧ್ಯಕ್ಷರಿಗೆ ಹೇಳಿದರೆ, "ಸುಮ್ನಿರಿ ಮೇಡಂ, ದಾನಿಗಳ ಕಿವಿಗೆ ಬಿದ್ದರೆ ಮಕ್ಕಳ ಊಟಕ್ಕೇ ಕಲ್ಲು ಬೀಳತ್ತೆ" ಅಂದರಂತೆ. ಆ ಮಾತೇ ಇವರ ಬಾಯಿ ಕಟ್ಟಿಹಾಕಿತ್ತು. ರಾಜೀನಾಮೆ ಪತ್ರ ಬರೆದು ಬ್ಯಾಗಲ್ಲಿ ಇಟ್ಟುಕೊಂಡೇ ನನ್ನ ಹತ್ತಿರ ಬಂದಿದ್ದರು. ಆದರೆ ಒಂದು ಗಂಟೆಯಲ್ಲಿ ವಾರ್ಡನ್ ಬಗ್ಗೆ ಆಡಿದ್ದು ನಾಲ್ಕೇ ಮಾತು, ಉಳಿದದ್ದೆಲ್ಲ "ಬಲಗೈ ಕೊಡು ಅಂತ ಗದರಿಸಿದೆನಲ್ಲಾ" ಅನ್ನೋದೇ.

ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಕಂಡದ್ದನ್ನು ಹೇಳಬೇಕಾದ ಕಡೆ ಹೇಳುವ ತನಕ ಈ ನಿದ್ದೆ ಬರಲ್ಲ, ಬರಲೂ ಬಾರದು ಅಂತ ನೇರವಾಗಿ ಹೇಳಿದೆ.

ರಾಜೀನಾಮೆ ಈಗ ಬೇಡ ಅಂದೆ. ನೀವು ಎದ್ದು ಹೋದರೆ ಅವನ ಕೈ ನೋಡಿದ ಒಬ್ಬರೂ ಆ ಮೇಜಿನ ಸುತ್ತ ಉಳಿಯಲ್ಲ ಅಲ್ವಾ? ಕಂಡದ್ದನ್ನು ಇವತ್ತೇ ತಾರೀಖು ಹಾಕಿ ಬರೆಯಿರಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಲಿಖಿತವಾಗಿ ಕೊಡಿ, ಮುಂದಿನ ಸಭೆಯ ನಡಾವಳಿ ಪುಸ್ತಕದಲ್ಲೂ ದಾಖಲು ಮಾಡಿಸಿ. ಹುಡುಗನನ್ನು ಕೂರಿಸಿಕೊಂಡು ಯಾರು ಹೊಡೆದದ್ದು ಅಂತ ಕೆದಕಬೇಡಿ, ಅದು ಸಮಿತಿಯ ಕೆಲಸ. ನೀವು ಹೋದ ಮೇಲೆ ರಾತ್ರಿ ಅವನು ಅದೇ ವಾರ್ಡನ್ ಜೊತೆ ಇರಬೇಕಲ್ಲ. ಹಾಗಾಗಿ ಅವನನ್ನು ಮೊದಲು ಸುರಕ್ಷಿತವಾಗಿಡಿ, ಡಾಕ್ಟರಿಗೆ ತೋರಿಸಿ ಅಂತಲೇ ದೂರಿನಲ್ಲಿ ಕೇಳಿ.

2015ರ ಬಾಲನ್ಯಾಯ ಕಾಯ್ದೆಯ 82ನೇ ಸೆಕ್ಷನ್ ಕೂಡ ತೋರಿಸಿದೆ. ಆಶ್ರಮದಲ್ಲಿ ಮಕ್ಕಳಿಗೆ ಹೊಡೆಯುವುದು ಅಪರಾಧ. ವಿಚಾರಣೆಗೆ ಆಡಳಿತ ಮಂಡಳಿ ಸಹಕರಿಸದಿದ್ದರೆ ಅದರ ಹೊಣೆ ಹೊತ್ತವರಿಗೆ ಕನಿಷ್ಠ 3 ವರ್ಷ ಜೈಲು. ಓದಿ ಅವರು ಕನ್ನಡಕ ತೆಗೆದು ಸುಮ್ಮನೆ ಕೂತರು. ಇದನ್ನು ಟ್ರಸ್ಟಿಯಾಗಿ ಸೇರಿದ ದಿನವೇ ಯಾರಾದರೂ ಕೈಗೆ ಕೊಡಬೇಕಿತ್ತು ಅಂತ ನನಗೆ ಸಂಕಟವಾಯಿತು.

ಅವತ್ತು ಸಂಜೆಯೇ 1098ಕ್ಕೆ ಫೋನ್ ಮಾಡಿದರು. ಸಮಿತಿಯವರು ಬಂದರು, ಮಕ್ಕಳನ್ನು ಒಬ್ಬೊಬ್ಬರನ್ನೇ ಮಾತಾಡಿಸಿದರು. ವಾರ್ಡನ್ ಈಗ ಅಲ್ಲಿಲ್ಲ, ಕೇಸು ನಡೀತಿದೆ. ಇಬ್ಬರು ಟ್ರಸ್ಟಿಗಳು ಇವರ ಜೊತೆ ಮಾತು ಬಿಟ್ಟಿದ್ದಾರೆ. ಒಬ್ಬ ದಾನಿ ಹಿಂದೆ ಸರಿದರು, ಊಟ ಮಾತ್ರ ಒಂದು ಹೊತ್ತೂ ನಿಂತಿಲ್ಲ.

ಈಗ ವಾರಕ್ಕೊಮ್ಮೆ ಹೇಳದೆ ಕೇಳದೆ ಹೋಗಿ ಮಕ್ಕಳ ಪಂಕ್ತಿಯಲ್ಲೇ ಊಟಕ್ಕೆ ಕೂರುತ್ತಾರೆ. ನಿದ್ದೆ ಪರವಾಗಿಲ್ಲ, ನಾಲ್ಕೈದು ಗಂಟೆ ಬರುತ್ತಿದೆ. ಆ ಹುಡುಗ ಮಾತ್ರ ಇನ್ನೂ ಹತ್ತಿರ ಬರಲ್ಲ, ದೂರದಿಂದ ನೋಡ್ತಾನೆ ಅಂತ ಅತ್ತರು. ಕರೀಬೇಡಿ, ನೀವು ಹೋಗ್ತಾ ಇರಿ ಅಂದೆ.